ಒಂದೇ ಹಂದರದ ಆಸೆ

ಮಾನ್ವಿಯ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಮೊದಲು ಬರುತ್ತಿದ್ದುದು ನಮ್ಮವ್ವ ಶೇಖಮ್ಮನ ಹತ್ತಿರ. ಹಗಲೆಲ್ಲ ರೈಸ್ ಮಿಲ್ಲಿನ ಕಣದಲ್ಲಿ ಭತ್ತ ಹರವಿ ಬಂದವಳು ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಬಂದವರ ಆಸೆಗಳನ್ನು ಒಂದೊಂದಾಗಿ ಕತ್ತರಿಸುತ್ತಿದ್ದಳು.

"ಬ್ಯಾಂಡ್ ಯಾಕ? ಹಲಗಿ ಸಾಕು. ಲಾಡು ಬ್ಯಾಡ, ಹುಗ್ಗಿ ಮಾಡ್ರಿ. ಬೀಗರಿಗೆಲ್ಲ ಸೀರಿ ಕೊಟ್ರ ನಾಳಿ ನೀವೇನ್ ಉಡ್ತೀರಿ?"

ಅವಳ ಬೈಗುಳ ತಿಂದು ಮದುವೆ ಮಾಡಿದವರು ಆಮೇಲೆ ಸಾಹುಕಾರರ ಬಾಗಿಲು ಕಾಯಲಿಲ್ಲ. ಅಷ್ಟು ಮಾತ್ರ ನಿಜ.

ಎಪ್ಪತ್ತಾರನೇ ಇಸವಿಯಲ್ಲಿ ಮಿಲ್ಲಿನ ಕಣಕ್ಕೆ ಸಿಮೆಂಟು ಹಾಕಲು ಗಬ್ಬೂರಿನಿಂದ ಹಂಪಣ್ಣ ಎಂಬ ಗೌಂಡಿ ಬಂದ. ಅವ್ವನ ಜೊತೆ ಕೂಲಿಗೆ ಹೋಗುತ್ತಿದ್ದ ನಮ್ಮಕ್ಕ ಕನಕಮ್ಮ ಅವನಿಗೆ ಮನಸ್ಸು ಕೊಟ್ಟಳು. ಅವನು ಕೆಲಸ ಮುಗಿಸಿ ಹೋದ ಮೇಲೂ ಆ ಕಣದಲ್ಲಿ ಮೆಲ್ಲಗೆ ಹೆಜ್ಜೆ ಇಡುತ್ತಿದ್ದಳು. ಹಿರಿಯರು ಕೂತು ಮದುವೆ ಗೊತ್ತುಮಾಡಿ ಎಲೆ ಅಡಿಕೆ ಹಂಚಿದರು.

ಆಗ ಅವ್ವ ತನ್ನ ಲೆಕ್ಕ ತೆಗೆದಳು. "ಸಣ್ಣಾಕಿಗೂ ಗಂಡು ಗೊತ್ತಾಗ್ಲಿ ತಡೀರಿ. ಒಂದೇ ಹಂದರದಾಗ ಎರಡೂ ಲಗ್ನ ಮಾಡಿಬಿಡ್ತೀನಿ."

ಸಣ್ಣಾಕಿ ಎಂದರೆ ನಾನು. ಹಾಗೆ ಮಾಡುವುದು ನಮ್ಮ ಕಡೆ ವಾಡಿಕೆ. ಹಂದರ ಒಂದೇ, ಹಲಗಿ ಒಂದೇ, ಊಟ ಒಂದೇ ಸಲ. ಅಪ್ಪನಿಲ್ಲದ ಮನೆಗೆ ಅದು ದೊಡ್ಡ ಉಳಿತಾಯ. ಆದರೆ ನನಗೆ ಗಂಡು ಸಿಗಬೇಕಲ್ಲ? ದೇವದುರ್ಗದವರು ಒಪ್ಪಿ ಹೋದವರು ಮತ್ತೆ ಮುಖ ತೋರಿಸಲಿಲ್ಲ. ರಾಯಚೂರಿನವರಿಗೆ ನಾನು ಕಪ್ಪಾಗಿ ಕಂಡೆ. ಎರಡು ಬೇಸಿಗೆ ಕಳೆದವು.

ಕೊನೆಗೆ ಹಂಪಣ್ಣನೇ ಬಂದ.

"ಅತ್ತಿ, ನಮ್ಮವ್ವ ಹಾಸಿಗಿ ಹಿಡಿದಾಳ. ಕಣ್ಣು ಮುಚ್ಚೂದ್ರಾಗ ಸೊಸಿ ನೋಡ್ಬೇಕಂತಾಳ. ಹಂದರ ಬ್ಯಾಡ, ಊಟ ಬ್ಯಾಡ. ನೀರಮಾನ್ವಿ ಯಲ್ಲಮ್ಮನ ಗುಡಿ ಮುಂದ ತಾಳಿ ಕಟ್ತೀನಿ, ಕಳಸಿಕೊಡ್ರಿ."

ಅವ್ವ ಸೆಟೆದು ಕೂತಳು. "ಊರ ಮಂದಿ ಲಗ್ನ ಎಲ್ಲ ಮಾಡಿಸಿದಾಕಿ ನಾನು. ನನ್ನ ಮಗಳನ್ನ ಹಂದರ ಇಲ್ಲದ ಕಳಸ್ಲೇನು? ಓಡಿ ಹೋದ್ಳು ಅಂತಾರ. ಇನ್ನೊಂದು ವರ್ಷ ತಡಿ."

ಅಕ್ಕ ಬಾಗಿಲ ಹಿಂದೆ ನೀರಿನ ಚರಿಗೆ ಹಿಡಿದು ನಿಂತಿದ್ದಳು. ಹಂಪಣ್ಣ ನೀರು ಕುಡಿಯದೆ ಎದ್ದು ಹೋದ. ಊರವರ ಆಸೆಗಳನ್ನೆಲ್ಲ ಕತ್ತರಿಸಿದ ಅವ್ವನಿಗೆ ಈ ಒಂದು ಹಂದರವನ್ನು ಬಿಡಲಾಗಲಿಲ್ಲ. ನನಗೆ ಇಂದಿಗೂ ಅವಳ ಮೇಲೆ ಸಿಟ್ಟಿದೆ. ಅದೇ ಶ್ರಾವಣದಲ್ಲಿ ಹಂಪಣ್ಣ ಸೋದರಮಾವನ ಮಗಳನ್ನು ಕಟ್ಟಿಕೊಂಡ ಸುದ್ದಿ ಬಂತು. ಅಕ್ಕ ಅಳಲಿಲ್ಲ. ಆ ಕಣಕ್ಕೆ ಕೂಲಿಗೆ ಹೋಗುವುದನ್ನು ಮಾತ್ರ ಬಿಟ್ಟಳು.

ಎಂಬತ್ತರಲ್ಲಿ ನನಗೆ ಮದುವೆ ಗೊತ್ತಾಯಿತು. ಮನೆ ಮುಂದೆ ಹಂದರ ಎದ್ದಿತು. ಬಳೆ ಇಡಿಸಲು ಬಂದ ಸುಗ್ರಾ ಬೇಗಂ, ದೊಡ್ಡವಳೇ ಮದುಮಗಳು ಅಂದುಕೊಂಡು ಅಕ್ಕನ ಕೈ ಹಿಡಿದು ಹಸಿರು ಬಳೆ ಏರಿಸತೊಡಗಿದಳು. ಅಕ್ಕ ಮೆಲ್ಲಗೆ ಕೈ ಬಿಡಿಸಿಕೊಂಡು ನನ್ನ ಕೈಯನ್ನು ಅವಳ ಮುಂದಿಟ್ಟಳು. ನಾನು ಅತ್ತದ್ದು ತವರು ಬಿಡುವ ದುಃಖಕ್ಕೆಂದು ಎಲ್ಲರೂ ತಿಳಿದರು.

ಆಮೇಲೆ ಅಕ್ಕನಿಗೆ ಎರಡು ಮೂರು ಕಡೆಯಿಂದ ಗಂಡು ಬಂದವು. ಅವಳು ಯಾರ ಎದುರಿಗೂ ಬರಲಿಲ್ಲ.

ಎಂಬತ್ನಾಲ್ಕರಲ್ಲಿ ನಾನು ತವರಿಗೆ ಹೋಗಿದ್ದಾಗ ಹಿಂದಿನ ಓಣಿಯ ಸೂಗಪ್ಪ ಅವ್ವನ ಹತ್ತಿರ ಬಂದು ಕೂತ.

"ದೊಡ್ಡ ಮಗಳದು ಗೊತ್ತಾಗ್ಯದ ಯವ್ವಾ. ಸಣ್ಣಾಕಿದೂ ಗೊತ್ತಾಗ್ಲಿ, ಒಂದೇ ಹಂದರದಾಗ ಮುಗಿಸೂಣು ಅಂತ ನಿಂತೀನಿ. ಖರ್ಚು ಎಷ್ಟು ಬರ್ತದ ಹೇಳು."

ಅವ್ವನ ಕಣ್ಣು ಅಕ್ಕನ ಕಡೆ ಹೋಯಿತು. ಮೂಲೆಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಅಕ್ಕ ಮೊರ ಕೆಳಗಿಟ್ಟಳು.

"ನಿಲ್ಲಬ್ಯಾಡೋ ಯಣ್ಣಾ. ಗುಡಿ ಮುಂದಾದ್ರೂ ಕಟ್ಟಸು. ಆ ಹುಡುಗನ್ನ ತಡಿ ಅನ್ನಬ್ಯಾಡ."

ಸೂಗಪ್ಪ ಅವ್ವನ ಮುಖ ನೋಡಿದ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು, "ಆಕಿ ಹೇಳ್ದಂಗ ಮಾಡೋ ಯಪ್ಪಾ" ಎಂದಳು.

ಅಕ್ಕ ಮತ್ತೆ ಮೊರ ಎತ್ತಿಕೊಂಡಳು.