ನಸೀಮಾ ಖಾಲಿ ಬಿಟ್ಟ ಕಾಲಂ

ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಹಾವೇರಿಯ ಬಿ.ಎಡ್. ಕಾಲೇಜೊಂದರಲ್ಲಿ ವಿಜ್ಞಾನ ಬೋಧನೆ ಕಲಿಸುತ್ತಿದ್ದೆ. ಭಾವೀ ಶಿಕ್ಷಕರಿಗೆ ವರ್ಷವಿಡೀ ಹೇಳಿದ್ದು ಒಂದೇ: ಉತ್ತರ ಒಪ್ಪಿಸಬೇಡಿ, ಮಕ್ಕಳಿಂದ ವಾದ ಮಾಡಿಸಿ, ಪುರಾವೆ ಕೇಳಿ, ವಿಜ್ಞಾನ ನಡೆಯುವುದೇ ಹಾಗೆ. ಹೇಳುವುದಕ್ಕೇನು, ನನ್ನನ್ನು ಯಾರೂ ಪರೀಕ್ಷೆ ಮಾಡುತ್ತಿರಲಿಲ್ಲ.

ಅವರಲ್ಲಿ ಬ್ಯಾಡಗಿಯ ನಸೀಮಾ ಅದನ್ನು ನಂಬಿಬಿಟ್ಟಳು. ಫಸ್ಟ್ ಕ್ಲಾಸ್ ಬಂದರೆ ಅವಳೂರಿನ ಹೈಸ್ಕೂಲೊಂದು ಕೆಲಸ ಕೊಡುವುದಾಗಿ ಹೇಳಿತ್ತು.

ಅವಳ ಕೊನೆಯ ಪರೀಕ್ಷಾ ಪಾಠ ರಾಣೆಬೆನ್ನೂರು ಹತ್ತಿರದ ಹಳ್ಳಿಯ ಶಾಲೆಯಲ್ಲಿ, ಏಳನೇ ತರಗತಿಗೆ. ಹಿಂದಿನ ಬೆಂಚಿನಲ್ಲಿ ಹೊರಗಿನಿಂದ ಬಂದ ಹಿರಿಯ ಪರೀಕ್ಷಕರು ಮತ್ತು ಕಾಲೇಜಿನ ಪರವಾಗಿ ಪರೀಕ್ಷಕನಾದ ನಾನು. ಗಿಡಕ್ಕೆ ಆಹಾರ ಎಲ್ಲಿಂದ ಬರುತ್ತದೆ ಎಂದು ಕೇಳಿ ನಸೀಮಾ ಉತ್ತರವನ್ನು ಮಕ್ಕಳಿಗೇ ಬಿಟ್ಟಳು.

"ಗೊಬ್ಬರದಿಂದರೀ. ಹಾಕದಿದ್ರ ಬೆಳಿ ಎಲ್ಲಿ ಬರ್ತೈತಿ?" ಎಂದ ಒಬ್ಬ.

"ನಮ್ಮ ಬುಟ್ಟ್ಯಾಗಿನ ಉಳ್ಳಾಗಡ್ಡಿ ಗೊಬ್ಬರ ಇಲ್ದನ ಚಿಗಿತೈತಲ್ಲ?" ಎಂದಳು ಇನ್ನೊಬ್ಬಳು.

"ಅದು ತನ್ನ ಗಡ್ಡೀನ ತಿಂದು ಚಿಗಿತೈತಿ. ಹಿಚುಕಿ ನೋಡು, ಮೆತ್ತಗಾಗಿರ್ತೈತಿ!"

ಗಂಟೆ ಹೊಡೆದರೂ ವಾದ ನಿಲ್ಲಲಿಲ್ಲ. ಅಂಥ ಪಾಠವನ್ನು ನನ್ನ ಸರ್ವಿಸಿನಲ್ಲೇ ನೋಡಿರಲಿಲ್ಲ. ಹೆಮ್ಮೆಯಾಯಿತು.

ಹಿರಿಯರು ಪಾಠಯೋಜನೆಯ ವಹಿ ತೆರೆದರು. ಅದರಲ್ಲಿ 'ವಿದ್ಯಾರ್ಥಿಯ ಚಟುವಟಿಕೆ' ಎಂಬ ಕಾಲಂ ಇರುತ್ತದೆ. ಮಕ್ಕಳು ಕೊಡಲಿರುವ ಉತ್ತರವನ್ನು ಹಿಂದಿನ ದಿನವೇ ಬರೆದಿಡುವುದು ನಮ್ಮ ಪದ್ಧತಿ. ನಸೀಮಾ ಅದನ್ನು ಖಾಲಿ ಬಿಟ್ಟಿದ್ದಳು.

"ಇದನ್ಯಾಕ ತುಂಬಿಲ್ಲವಾ?"

"ಅವರು ಹೇಳೂಕಿಂತ ಮೊದಲ ನಾ ಹೆಂಗ ಬರೀಲ್ರಿ ಸರ?"

ಅಂಕಪಟ್ಟಿಯಲ್ಲಿ ಆ ಕಾಲಂಗೆ ಅಂಕವಿತ್ತು, ಬೋರ್ಡಿನ ಮೇಲಿನ ಸಾರಾಂಶಕ್ಕಿತ್ತು, ಸರಿಯುತ್ತರ ಹೇಳಿ ಮುಗಿಸುವುದಕ್ಕಿತ್ತು. ವಾದಕ್ಕೆ ಒಂದು ಸಾಲೂ ಇರಲಿಲ್ಲ.

"ಹುಡುಗ್ರು ವಿಚಾರ ಮಾಡಿದ್ರಲ್ರೀ," ಎಂದೆ.

"ಗದ್ದಲಕ್ಕ ಮಾರ್ಕ್ಸ್ ಎಲ್ಲೈತಿ, ತೋರಿಸ್ರಿ," ಎಂದರು ಹಿರಿಯರು.

ಐವತ್ತಕ್ಕೆ ಇಪ್ಪತ್ತನಾಲ್ಕು ಬರೆದರು. ಕೆಳಗೆ ನಾನೂ ಸಹಿ ಮಾಡಿದೆ. ಫಸ್ಟ್ ಕ್ಲಾಸ್ ತಪ್ಪಿತು, ಬ್ಯಾಡಗಿಯ ಕೆಲಸವೂ ಹೋಯಿತು.

ಫಲಿತಾಂಶದ ಮರುದಿನ ನಸೀಮಾ ಬಂದಳು. ಅಳಲಿಲ್ಲ.

"ಸರ, ಖರೇ ಹೇಳ್ರಿ, ನನ್ನ ಪಾಠ ಚಲೋ ಆಗಿರಲಿಲ್ಲೇನ್ರಿ?"

"ಭಾಳ ಚಲೋ ಆಗಿತ್ತವಾ."

"ಹಂಗಾದ್ರ ಸಹಿ ಯಾಕ ಮಾಡಿದ್ರಿ?"

ಕಾರಣ ಕೇಳುವುದನ್ನು ಅವಳಿಗೆ ಕಲಿಸಿದವನೇ ನಾನು.

ಅಂಕವಿಲ್ಲದ್ದನ್ನು ಯಾರಿಗೂ ಕಲಿಸಲಾಗದು ಎಂಬುದು ಈ ವೃತ್ತಿ ನನಗೆ ಕಲಿಸಿದ ಪಾಠ. ಮುಂದಿನ ಬ್ಯಾಚಿಗೆ ಎರಡನ್ನೂ ಹೇಳಿದೆ: ವಾದ ಮಾಡಿಸಿ, ಕಾಲಂ ಕೂಡ ತುಂಬಿಸಿ. ಅವರು ಕಾಲಂ ತುಂಬಿಸಿದರು.