ತಾಳಿ ತೆಗೆಯದೆ ಆಟವಿಲ್ಲ

ಗೆಳೆಯರೇ, ಇವತ್ತು ಬೆಳಿಗ್ಗೆ ಸಿಕಂದರಾಬಾದಿನಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್ ಪಂದ್ಯಕ್ಕೆ ನಾನೇ ರೆಫರಿ. ಆಟಕ್ಕೆ ಮುಂಚೆ ಎಲ್ಲರ ಬೂಟು, ಶಿನ್‌ಗಾರ್ಡ್ ನೋಡುತ್ತಾ ಬಂದೆ. ಗೋಲ್‌ಕೀಪರ್ ಸವಿತಾಳ ಕೊರಳಲ್ಲಿ ತಾಳಿ ಇತ್ತು. ಹೊಸದಾಗಿ ಮದುವೆಯಾದವಳು. "ಆಭರಣ ಹಾಕ್ಕೊಂಡು ಆಡೂ ಹಂಗಿಲ್ಲವ್ವ, ತೆಗೀಬೇಕು," ಎಂದೆ.

ಅವಳು ಬಾಯಿ ತೆರೆಯುವ ಮೊದಲೇ ಕೋಚ್ ಬಸವರಾಜ್ ಕೈ ಬೀಸುತ್ತಾ ಬಂದರು. ರಾಯಚೂರಿನವರು, ದೊಡ್ಡ ಗಂಟಲು. "ಏನ್ರೀ ಸಾಹೇಬ್ರ, ತಾಳಿ ತೆಗಿ ಅಂತೀರಲ್ಲ! ಅಕಿ ಅತ್ತಿ ಅಲ್ಲೇ ಕುಂತಾರ. ಮ್ಯಾಲ ಟೇಪ್ ಸುತ್ತತೀವಿ, ಬಿಡ್ರಿ."

"ಟೇಪ್ ಸುತ್ತಿದ್ರೂ ನಡೆಯಂಗಿಲ್ರಿ. ಬಾಲ್ ಬಡಿದ್ರ ಎದಿಗೆ ಚುಚ್ಚತೈತಿ."

ಅವರ ತಂಡದಲ್ಲಿ ಬೇರೆ ಗೋಲ್‌ಕೀಪರ್ ಇರಲಿಲ್ಲ. ಸವಿತಾ ತಾಳಿ ಹಿಡಿದು ತಲೆ ತಗ್ಗಿಸಿ ನಿಂತಿದ್ದಳು.

ಗದ್ದಲ ಕೇಳಿ ಅತ್ತೆಯೇ ಎದ್ದು ಬಂದರು. ಇನ್ನು ನನ್ನ ಕತೆ ಮುಗಿಯಿತು ಅಂದುಕೊಂಡೆ.

"ತೆಗಿಯವ್ವ. ಆಟ ಮುಗದ ಮ್ಯಾಲ ಹಾಕ್ಕೊಂಡ್ರಾತು," ಎಂದ ಅವರು ತಾವೇ ಸೊಸೆಯ ಕೊರಳಿಂದ ತಾಳಿ ಬಿಡಿಸಿ ಕೋಚ್ ಕೈಗಿಟ್ಟರು. "ಗಟ್ಟಿ ಹಿಡ್ಕೋರಿ. ನಾ ಚಪ್ಪಾಳಿ ಹೊಡೀಬೇಕು."

ಬಸವರಾಜ್ ಪಂದ್ಯವಿಡೀ ಎರಡೂ ಕೈಯಲ್ಲಿ ತಾಳಿ ಹಿಡಿದು ದೇವರ ಮುಂದೆ ನಿಂತವರಂತೆ ನಿಂತಿದ್ದರು. ಒಂದು ಸಲವೂ ಗೆರೆ ದಾಟಲಿಲ್ಲ, ನನ್ನ ಮೇಲೆ ಕೂಗಾಡಲಿಲ್ಲ. ಸವಿತಾಳ ತಂಡ ಸೋತಿತು. ಆದರೂ ಅತ್ತೆಯ ಚಪ್ಪಾಳೆ ನಿಲ್ಲಲಿಲ್ಲ.

ಕೋಚ್‌ಗಳನ್ನು ಸುಮ್ಮನಿರಿಸಲು ನಮಗೆ ಹಳದಿ ಕಾರ್ಡ್ ಕೊಟ್ಟಿದ್ದಾರೆ. ಪಂದ್ಯಕ್ಕೊಬ್ಬ ಅತ್ತೆಯನ್ನೂ ಕೊಟ್ಟರೆ ಅದು ಜೇಬಿನಲ್ಲೇ ಉಳಿಯುತ್ತದೆ.