ಅಪ್ಪನ ದನಿಯಲ್ಲಿ ನನ್ನ ಅಭಿಪ್ರಾಯಗಳು

ನನ್ನ ಅಭಿಪ್ರಾಯಕ್ಕೆ ಬೆಲೆ ಬರಬೇಕಾದರೆ ಅದು ನನ್ನ ದನಿಯಲ್ಲಿ ಬರಬಾರದು ಎಂಬ ಸತ್ಯ ನನಗೆ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಗೊತ್ತಾಯಿತು.

ಅಭಿಪ್ರಾಯಗಳಿಗೇನೂ ಕೊರತೆ ಇರಲಿಲ್ಲ. ಆ ವಯಸ್ಸಿನಲ್ಲಿ ಯಾರಿಗೆ ತಾನೇ ಇರುತ್ತದೆ? ಬೆಳಿಗ್ಗೆ ಮೈಲಾಪುರದಿಂದ ಪೆರುಂಗುಡಿಯ ಆಫೀಸಿಗೆ ಹೋಗುವ ಬಸ್ಸಿನಲ್ಲಿ ಒಂಟಿಕಾಲಿನ ಮೇಲೆ ನಿಂತುಕೊಂಡೇ ನಾನು ಸಮ್ಮಿಶ್ರ ಸರ್ಕಾರಗಳನ್ನು ಬೀಳಿಸುತ್ತಿದ್ದೆ, ನೆರೆದೇಶದೊಡನೆ ಮಾತುಕತೆ ಮುಗಿಸುತ್ತಿದ್ದೆ, ವರದಕ್ಷಿಣೆ ಕೇಳುವವರನ್ನೆಲ್ಲ ಅಡ್ಯಾರಿನ ಸ್ಟಾಪಿನಲ್ಲಿ ಇಳಿಸಿಬಿಡುತ್ತಿದ್ದೆ. ಟೀವಿಯಲ್ಲಿ ದಿನವಿಡೀ ಸುದ್ದಿ ಹೇಳುವುದು ಆಗ ಹೊಸದು. ‘ಇಂದಿನ ಯುವಜನತೆ ಏನನ್ನುತ್ತದೆ?’ ಎಂದು ಮೈಕು ಹಿಡಿದವರು ಕಾಲೇಜಿನ ಗೇಟಿನಲ್ಲಿ ಕಾದು ನಿಲ್ಲುತ್ತಿದ್ದರು. ನಾನೇ ಯುವಜನತೆ, ಅನ್ನುವುದಕ್ಕೆ ಸಿದ್ಧನಾಗಿಯೇ ಇದ್ದೆ. ಮೈಕು ಮಾತ್ರ ನಾನಿದ್ದ ಕಡೆ ಒಮ್ಮೆಯೂ ಬರಲಿಲ್ಲ. ಬಂದಿದ್ದರೂ ಆ ಹೊತ್ತಿಗೆ ನಾನು ಬಸ್ಸಿನ ಹಿಂದೆ ಓಡುತ್ತಿದ್ದೆನೇನೋ.

ಮನೆಯಲ್ಲಂತೂ ಕೇಳಲೇಬೇಡಿ. ಊಟಕ್ಕೆ ಕೂತಾಗ, “ಹೆಣ್ಣುಮಕ್ಕಳ ವಿಚಾರದಲ್ಲಿ ನಮ್ಮ ಸಮಾಜ...” ಎಂದು ನಾನು ಬಾಯಿ ತೆರೆದರೆ ಅಪ್ಪ, “ಮೊದಲು ಹುಳಿ ಹಾಕಿಸ್ಕೋ” ಅನ್ನುತ್ತಿದ್ದರು. ಅಮ್ಮ ಹುಳಿ ಬಡಿಸುತ್ತಿದ್ದಳು. ನಾನು ನುಗ್ಗೇಕಾಯಿ ಜಗಿದು ಮುಗಿಸುವಷ್ಟರಲ್ಲಿ ಸಮಾಜ ಮಜ್ಜಿಗೆಗೆ ಬಂದುಬಿಟ್ಟಿರುತ್ತಿತ್ತು.

ನನಗಿದ್ದದ್ದು ಒಂದೇ ವಿದ್ಯೆ, ಇನ್ನೊಬ್ಬರ ಹಾಗೆ ಮಾತಾಡುವುದು. ಸಿಳ್ಳೆಯಲ್ಲೇ ಬೈಯುವ ನಮ್ಮ ಬಸ್ಸಿನ ಕಂಡಕ್ಟರು, ಅಮೆರಿಕದ ಫೋನು ಬಂದೊಡನೆ ಅರ್ಧ ವಾಕ್ಯದಲ್ಲೇ ಇಂಗ್ಲಿಷಿನ ಬಣ್ಣ ಬದಲಾಯಿಸುವ ಮ್ಯಾನೇಜರು, ಕಂಡ ಮಕ್ಕಳನ್ನೆಲ್ಲ ನಿಲ್ಲಿಸಿಕೊಂಡು ಮಾರ್ಕ್ಸು ಕೇಳುವ ಕೆಳಮನೆಯ ಮಾಮಿ, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆ ಇಲ್ಲದೆ ವಾಸವಾಗಿದ್ದರು. “ಎಲ್ಲಿ, ನಿನ್ನ ಹಾಗೇ ಮಾತಾಡಿ ತೋರಿಸು” ಎಂದು ಗೆಳೆಯರು ಕೆಣಕಿದರೆ ಮಾತ್ರ ತಡವರಿಸುತ್ತಿದ್ದೆ. ಆ ಮನುಷ್ಯ ಮಾತಾಡಿದ್ದನ್ನು ನಾನು ಸರಿಯಾಗಿ ಕೇಳಿಸಿಕೊಂಡೇ ಇರಲಿಲ್ಲ.

ಕಾಜಾಣ ಅಂತ ಒಂದು ಹಕ್ಕಿಯಿದೆ. ಬೇರೆ ಹಕ್ಕಿಗಳ ದನಿಯನ್ನೆಲ್ಲ ಕಲಿತಿರುತ್ತದಂತೆ. ಸಣ್ಣ ಹಕ್ಕಿಗಳು ಹುಳು ಹೆಕ್ಕುವಾಗ ಇದು ಗಿಡುಗ ಬಂದ ಹಾಗೆ ಕೂಗುತ್ತದೆ, ಅವು ಬಿದ್ದೆನೋ ಎದ್ದೆನೋ ಎಂದು ಹಾರುತ್ತವೆ, ಇದು ಇಳಿದುಬಂದು ಹುಳು ತಿನ್ನುತ್ತದೆ. ಕಾಜಾಣ ತನ್ನ ಸ್ವಂತ ದನಿಯಲ್ಲಿ, “ದಯವಿಟ್ಟು ಆ ಹುಳುವನ್ನು ನನಗೆ ಬಿಟ್ಟುಕೊಡಿ” ಎಂದು ಕೇಳಿದ್ದರೆ ಯಾರು ಬಿಡುತ್ತಿದ್ದರು? ಪಕ್ಷಿಶಾಸ್ತ್ರದವರು ಇದಕ್ಕೆ ಏನು ಹೆಸರಿಟ್ಟಿದ್ದಾರೋ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಇದಕ್ಕೆ ‘ಭಾನುವಾರದ ಫೋನು’ ಎಂದು ಹೆಸರು.

ಅಪ್ಪ ವಾರವೆಲ್ಲ ವಿಮಾ ಕಚೇರಿಗೆ ದುಡಿದು, ಭಾನುವಾರ ಎರಡು ಗಂಟೆ ದೇವರಿಗೆ ದುಡಿಯುತ್ತಿದ್ದರು. ಮಡಿಯುಟ್ಟು ಕೂತ ಮೇಲೆ ಫೋನು ಮುಟ್ಟುವ ಹಾಗಿಲ್ಲ. ಇದರ ಬಗ್ಗೆ ಅವರಿಗೆ ಸ್ಪಷ್ಟವಾದ ಸಿದ್ಧಾಂತವಿತ್ತು. ಕರೆಂಟು ಮೈಲಿಗೆಯಲ್ಲ, ಯಾಕೆಂದರೆ ಅದನ್ನು ಯಾರೂ ಮುಟ್ಟಿರುವುದಿಲ್ಲ, ಮುಟ್ಟಿದವರು ಹೇಳುವುದಕ್ಕೆ ಉಳಿದಿರುವುದಿಲ್ಲ. ರೇಡಿಯೋ ದೂರದಿಂದ ಹಾಡುತ್ತದೆ, ಪರವಾಗಿಲ್ಲ. ಫೋನು ಮಾತ್ರ ಶುದ್ಧ ಎಂಜಲು. ಮನೆಗೆ ಬಂದವರೆಲ್ಲ ಅದಕ್ಕೆ ಬಾಯಿ ಹಚ್ಚಿರುತ್ತಾರೆ. ಇಷ್ಟಾದರೂ ಕಚೇರಿಯ ದೊಡ್ಡ ಅಧಿಕಾರಿಗೆ ಪೂಜೆಯ ಹೊತ್ತಿನಲ್ಲೇ ಅಪ್ಪನ ನೆನಪಾಗುತ್ತಿತ್ತು. “ಪೂಜೆಯಲ್ಲಿದಾರೆ ಸಾರ್” ಅಂದರೆ ಹತ್ತು ನಿಮಿಷಕ್ಕೊಮ್ಮೆ ಮತ್ತೆ ಮಾಡುತ್ತಿದ್ದರು. ಒಂದು ಭಾನುವಾರ ಬೇಸತ್ತು ನಾನೇ ಅಪ್ಪನಾದೆ. ಅಪ್ಪನಾಗುವುದು ಸುಲಭ. ಮೊದಲು ಒಂದು ಕೆಮ್ಮು. ಆಮೇಲೆ “ನೋಡಿ.” ಆಮೇಲೆ ಎದುರಿನವರು ತಮ್ಮ ತಪ್ಪೇನೆಂದು ತಾವೇ ಯೋಚಿಸಿಕೊಳ್ಳುವಷ್ಟು ಉದ್ದದ ಒಂದು ಮೌನ. ಅಧಿಕಾರಿ ತೃಪ್ತರಾಗಿ ಫೋನು ಇಟ್ಟರು. ಪೂಜೆ ಮುಗಿಸಿ ಬಂದ ಅಪ್ಪ, “ಪರವಾಯಿಲ್ಲೆ, ಚೆನ್ನಾಗೇ ಹೇಳ್ದೆ” ಎಂದು ಮೀಸೆಯಲ್ಲಿ ನಕ್ಕರು. ಮೂರು ತಲೆಮಾರು ಮದ್ರಾಸಿನಲ್ಲಿ ಕಳೆದ ಮನೆ ನಮ್ಮದು. ಕೋಪ ಕನ್ನಡದಲ್ಲಿ ಬರುತ್ತದೆ, ಮೆಚ್ಚುಗೆ ತಮಿಳಿನಲ್ಲಿ.

ಲೈಸೆನ್ಸು ಸಿಕ್ಕಿತೆಂದೇ ನಾನು ತಿಳಿದೆ.

ಈಗ ಸುಮತಿ ಅತ್ತೆಯ ವಿಷಯ ಹೇಳಬೇಕು. ಅಪ್ಪನ ಒಬ್ಬಳೇ ತಂಗಿ. ಮಾವ ಬಂದರಿನಲ್ಲಿ ಕೆಲಸದಲ್ಲಿದ್ದುದರಿಂದ ರಾಯಪುರಂನಲ್ಲಿ ಅವರ ಮನೆ. ಮಾವ ಬಹಳ ಒಳ್ಳೆಯವರು, ಎಷ್ಟು ಒಳ್ಳೆಯವರೆಂದರೆ ಯಾವ ವಿಷಯದಲ್ಲೂ ಹೂಂ ಅನ್ನಲಾರರು, ಉಹೂಂ ಅನ್ನಲಾರರು. “ನಿಮ್ಮಣ್ಣನ್ನ ಒಂದು ಮಾತು ಕೇಳು” ಅನ್ನುವುದು ಅವರ ಮನೆಯ ಸಂವಿಧಾನ. ಫ್ರಿಜ್ಜಿನ ಬಾಗಿಲು ಯಾವ ದಿಕ್ಕಿಗೆ ತೆರೆಯಬೇಕು ಎನ್ನುವುದರಿಂದ ಹಿಡಿದು ಮಗನಿಗೆ ಯಾವ ಕಾಲೇಜು ಎನ್ನುವವರೆಗೆ ಎಲ್ಲವೂ ಮೈಲಾಪುರದಲ್ಲಿ ತೀರ್ಮಾನವಾಗಿ ರಾಯಪುರಂನಲ್ಲಿ ಜಾರಿಯಾಗುತ್ತಿತ್ತು. ಅತ್ತೆ ಗಣಿತದಲ್ಲಿ ಬಿ.ಎಸ್ಸಿ. ಮದುವೆಯಾದ ಹೊಸದರಲ್ಲಿ ಅವಳಿಗೆ ಒಂದು ಬ್ಯಾಂಕಿನ ಕೆಲಸ ಬಂದಿತ್ತಂತೆ. ಆಗ ಅಪ್ಪ, “ಮನೇಲಿ ಏನು ಕಡಿಮೆಯಾಗಿದೆ?” ಎಂದು ಒಂದೇ ಮಾತು ಕೇಳಿದ್ದರು. ಅತ್ತೆ ಕೆಲಸದ ಆ ಕಾಗದವನ್ನು ವಾಪಸು ಕಳಿಸಿದ್ದಳು. ಇದನ್ನೆಲ್ಲ ಅಮ್ಮ ನನಗೆ ಹೇಳಿದ್ದು, ಅದೂ ಅಪ್ಪ ಊರಿನಲ್ಲಿಲ್ಲದಾಗ.

ಆ ಭಾನುವಾರ ಫೋನು ಹೊಡೆದುಕೊಂಡಾಗ ಅಪ್ಪ ಜಪದ ನಡುವೆ ಇದ್ದರು. ನಾನು ಎತ್ತಿ ‘ಹಲೋ’ ಎನ್ನುವ ಮೊದಲೇ ಅತ್ತೆ ಶುರುಮಾಡಿಬಿಟ್ಟಳು.

“ಅಣ್ಣಾ, ನಾನು. ಮಧ್ಯ ಮಾತಾಡ್ಬೇಡ. ಒಂದೇ ಉಸಿರಲ್ಲಿ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಧೈರ್ಯ ಹೋಗತ್ತೆ. ಇಲ್ಲೇ ಪಕ್ಕದ ಬೀದಿ ಸ್ಕೂಲಲ್ಲಿ ಕಣಕ್ಕು ಟೀಚರ್ ಬಿಟ್ಟು ಹೋಗ್ಬಿಟ್ರು. ಲೆಕ್ಕ ಹೇಳ್ಕೊಡಕ್ಕೆ ನೀವು ಬರ್ತೀರಾ ಅಂತ ಹೆಡ್ಮಿಸ್ಟ್ರೆಸ್ಸೇ ಮನೆಗೆ ಬಂದು ಕೇಳಿದ್ರು. ಇವತ್ತು ಸಾಯಂಕಾಲದೊಳಗೆ ಹೇಳ್ಬೇಕಂತೆ, ಇಲ್ಲಾಂದ್ರೆ ಬೇರೆಯವರನ್ನ ತೊಗೋತಾರಂತೆ. ಪುಟ್ಟ ಹಾಸ್ಟೆಲ್ಲಿಗೆ ಹೋದಮೇಲೆ ಮನೇಲಿ ನಾನು, ಗೋಡೆ, ಅಷ್ಟೇ. ಇವರು ಆಮಾ ಅಂತಾನೂ ಇಲ್ಲ, ಬೇಡ ಅಂತಾನೂ ಇಲ್ಲ, ನಿಮ್ಮಣ್ಣನ್ನ ಕೇಳು ಅಂದ್ರು. ನೀನು ಏನಂತೀಯ ಅಂತ ಗೊತ್ತು. ಆದ್ರೂ ಕೇಳ್ತಿದೀನಿ.”

ಉಸಿರು ಮುಗಿಯಿತು. ‘ಅತ್ತೇ, ನಾನು ಮುರಳಿ’ ಅನ್ನಬೇಕಿತ್ತು. ನಿಜವಾಗಿ ಅದನ್ನೇ ಅನ್ನಲು ಬಾಯಿ ತೆರೆದೆ. ಆದರೆ ಅಪ್ಪ ಜಪ ಮುಗಿಸಿ ಎದ್ದುಬಂದು ಏನನ್ನುತ್ತಾರೆ ಎನ್ನುವುದು ಅವಳಿಗೆ ಗೊತ್ತಿದ್ದ ಹಾಗೆ ನನಗೂ ಗೊತ್ತಿತ್ತು. ಅಷ್ಟು ದಿನ ಬಸ್ಸಿನಲ್ಲಿ ಒಂಟಿಕಾಲಿನಲ್ಲಿ ನಿಂತು ದೇಶ ಆಳಿದವನಿಗೆ ಕೊನೆಗೂ ಒಂದು ಮೈಕು ಸಿಕ್ಕಿತ್ತು. ಕೆಮ್ಮಿದೆ.

“ನೋಡು ಸುಮತಿ.” ಉದ್ದನೆಯ ಮೌನ. “ಕಾಲ ಬದಲಾಗಿದೆ. ನೀನು ಓದಿದ್ದು ಉಪ್ಪಿನಕಾಯಿ ಹಾಕಿ ಇಡೋಕಲ್ಲ. ಹೋಗು. ನಾಳೆನೇ ಹೋಗು. ನಾನು ಹೇಳ್ದೆ ಅಂತ ಹೇಳು ನಿಮ್ಮನೆಯವರಿಗೆ.”

ನಮ್ಮದು ಚಿಕ್ಕ ಫ್ಲಾಟು. ದೇವರ ಗೂಡಿಗೂ ಫೋನಿಗೂ ನಾಲ್ಕು ಹೆಜ್ಜೆ. ಜಪದ ನಡುವೆ ಮಾತಾಡಿದರೆ ಮತ್ತೆ ಒಂದರಿಂದ ಎಣಿಸಬೇಕು, ಆದ್ದರಿಂದ ಅಪ್ಪ ತುಟಿ ಬಿಚ್ಚುವುದಿಲ್ಲ, ಹೇಳಬೇಕಾದದ್ದನ್ನೆಲ್ಲ ಪೂಜೆಯ ಗಂಟೆಯಲ್ಲೇ ಹೇಳುತ್ತಾರೆ. ಒಂದು ಸಲ ಬಾರಿಸಿದರೆ ‘ನೈವೇದ್ಯ ತಾ’, ಎರಡು ಸಲವಾದರೆ ‘ಹಾಲು ಉಕ್ಕುತ್ತಿದೆ’, ಮೂರು ಸಲಕ್ಕೆ ‘ಬಾಗಿಲಲ್ಲಿ ಯಾರೋ ಬಂದಿದ್ದಾರೆ’. ‘ಮಗ ನನ್ನ ದನಿಯಲ್ಲಿ ನನ್ನ ಅಭಿಪ್ರಾಯವನ್ನು ತಲೆಕೆಳಗು ಮಾಡುತ್ತಿದ್ದಾನೆ’ ಎನ್ನುವುದಕ್ಕೆ ಸಂಕೇತವನ್ನು ಯಾರೂ ಯೋಚಿಸಿಟ್ಟಿರಲಿಲ್ಲ. ಪಾಪ, ಅಪ್ಪ ಒಟ್ಟಿಗೆ ಎಲ್ಲವನ್ನೂ ಬಾರಿಸಿಬಿಟ್ಟರು. ಅಮ್ಮ ಅಡಿಗೆಮನೆಯಿಂದ ಓಡಿಬಂದು ಹಾಲು ಇಳಿಸಿ, ನೈವೇದ್ಯ ಇಟ್ಟು, ಬಾಗಿಲು ತೆಗೆದಳು. ಆದರೂ ಗಂಟೆ ನಿಲ್ಲಲಿಲ್ಲ.

ಗಂಟೆ ಫೋನಿನ ಆ ಕಡೆಗೂ ಕೇಳಿಸಿತು.

“ಅಣ್ಣಾ,” ಅಂದಳು ಅತ್ತೆ ಮೆಲ್ಲಗೆ, “ನೀನು ಫೋನಲ್ಲಿದೀಯ. ಅಲ್ಲಿ ಗಂಟೆ ಬಾರಿಸ್ತಿರೋರು ಯಾರು?”

ಅಷ್ಟು ವರ್ಷದ ವಿದ್ಯೆ ಕೈಕೊಟ್ಟಿತು. “ಅದು... ಅತ್ತೇ...” ಎಂದು ಹೊರಟದ್ದು ಯಾರ ದನಿಯೂ ಅಲ್ಲ, ಬಹುಶಃ ನನ್ನದೇ.

ಅತ್ತೆ ನಕ್ಕಳು. ಆ ನಗು ಸ್ವಲ್ಪ ನಡುಗುತ್ತಿತ್ತು. “ಶುಭದ ಮಾತಾಡೋವಾಗ ಗಂಟೆ ಆಯ್ತು. ಇನ್ನೇನು ಬೇಕು? ಅಣ್ಣ ಒಪ್ಪಿದ ಅಂತ ಇವರಿಗೆ ಹೇಳ್ತೀನಿ. ಫೋನ್ ಇಡೋ ಕಳ್ಳ.”

ಫೋನು ಇಟ್ಟಾಗ ಅಮ್ಮ ಎದುರಿಗೇ ಸೌಟು ಹಿಡಿದು ನಿಂತಿದ್ದಳು. “ಯಾರು? ಏನಂತೆ?”

“ಅತ್ತೆ. ಕೆಲಸಕ್ಕೆ ಹೋಗು ಅಂತ ಅಪ್ಪ ಹೇಳಿದ್ರು.”

“ಅಪ್ಪಾನಾ? ಯಾವಾಗ?”

“ಈಗ್ತಾನೆ. ನನ್ನ ಬಾಯಲ್ಲಿ.”

ಅಮ್ಮ ನನ್ನನ್ನೂ ನೋಡಿದಳು, ದೇವರ ಗೂಡಿನ ಕಡೆಯೂ ನೋಡಿದಳು. “ತೀರ್ಥಕ್ಕೆ ಕೈ ಒಡ್ಡೋವಾಗ ಹುಷಾರು” ಎಂದು ಒಳಗೆ ಹೋದಳು. ಹೋಗುವಾಗ ಸೌಟಿನ ಮರೆಯಲ್ಲಿ ನಗುತ್ತಿದ್ದಳು ಎಂದು ನನ್ನ ಅನುಮಾನ.

ಅಪ್ಪ ಪೂಜೆಯನ್ನು ಒಂದು ಮಂತ್ರವೂ ಬಿಡದೆ ಮುಗಿಸಿದರು. ತೀರ್ಥ ಮೂರು ಸಲ ಕೊಟ್ಟರು, ಮೂರು ಸಲವೂ ನನ್ನ ಮುಖ ನೋಡಲಿಲ್ಲ. ಆಮೇಲೆ ಮಡಿ ಬಿಚ್ಚಿ, ಷರಟು ಹಾಕಿಕೊಂಡು, ಗುಂಡಿಗಳನ್ನೆಲ್ಲ ಹಾಕಿ, “ರಾಯಪುರಂಗೆ ಹಾಕು” ಅಂದರು. ನಂಬರು ಒತ್ತಿ ಕೊಟ್ಟೆ. ಅಪ್ಪನ ಒಂದು ‘ಬೇಡ’ಕ್ಕೆ ಅತ್ತೆಯ ಸ್ಕೂಲು ಮುಗಿದುಹೋಗುತ್ತಿತ್ತು, ಈ ಸಲ ಅದಕ್ಕೆ ನಾನೂ ಕಾರಣ.

ಆ ಕಡೆ ಎತ್ತಿದ್ದು ಮಾವ. ಬಂದರಿನ ಕ್ರೇನುಗಳ ನಡುವೆ ಮಾತಾಡಿ ಮಾತಾಡಿ ಅವರಿಗೆ ಮೆತ್ತಗೆ ಮಾತಾಡುವುದು ಮರೆತಿದೆ. ನಮ್ಮ ಹಾಲಿಗೆಲ್ಲ ಕೇಳಿಸಿತು.

“ಭಾವಾ! ನಿಮಗೆ ನೂರು ವರ್ಷ! ನಾಲ್ಕು ದಿನದಿಂದ ಅವಳು ಸರಿಯಾಗಿ ಊಟ ಮಾಡಿಲ್ಲ. ನಂಗೂ ಇಷ್ಟಾನೇ, ಆದ್ರೆ ನಾನು ಹೂಂ ಅಂದ್ಬಿಟ್ರೆ ನೀವು ತಪ್ಪು ತಿಳೀತೀರೋ ಏನೋ ಅಂತ ಬಾಯಿ ಮುಚ್ಕೊಂಡಿದ್ದೆ. ನೀವು ದೊಡ್ಡವರು, ದೊಡ್ಡ ಮಾತೇ ಹೇಳಿದ್ರಿ. ಕೆಳಗಡೆ ಮನೆಯವರಿಗೆಲ್ಲ ಹೇಳಿ ಬಂದೆ, ಭಾವ ಅಂದ್ರೆ ನಮ್ಮ ಭಾವ ಅಂತ!”

ಅಪ್ಪನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ನಾನು ನೋಡುತ್ತಿದ್ದೆ. ಅದು ನಿಧಾನವಾಗಿ ಮುಚ್ಚಿಕೊಂಡಿತು. ಕೆಮ್ಮಿದರು.

“ನೋಡಿ,” ಅಂದರು. ಮೌನ. “ಕಾಲ ಬದಲಾಗಿದೆ.” ಮತ್ತೆ ಮೌನ. “ಅವಳು ಓದಿದ್ದು ಉಪ್ಪಿನಕಾಯಿ ಹಾಕಿ ಇಡೋಕಲ್ಲ.”

ನನ್ನದೇ ಮಾತು, ನಾನು ನಿಲ್ಲಿಸಿದ ಕಡೆಯಲ್ಲೇ ನಿಲ್ಲಿಸಿ. ಜನ್ಮದಲ್ಲಿ ಮೊದಲ ಸಲ ಯಾರೋ ನನ್ನನ್ನು ಅನುಕರಿಸಿದ್ದರು. ಚೆನ್ನಾಗಿಯೇ ಮಾಡಿದರು ಎಂದು ವೃತ್ತಿಧರ್ಮದಿಂದ ಒಪ್ಪಿಕೊಳ್ಳಬೇಕು. ಆಮೇಲೆ ಅತ್ತೆಯನ್ನು ಕರೆಯಲು ಹೇಳಿದರು. ಅವಳು ಬಂದಾಗ ಫೋನಿನ ವೈರು ತಿರುವುತ್ತ, “ಲೆಕ್ಕ ನಿಂಗೆ ಚೆನ್ನಾಗಿ ಬರ್ತಿತ್ತು ಸುಮತಿ. ನಂಗೇ ನೀನು ಹೇಳ್ಕೊಡ್ತಿದ್ದೆ” ಅಂದರು. ಆ ದನಿ ನನ್ನ ಸಂಗ್ರಹದಲ್ಲಿ ಇರಲಿಲ್ಲ. ಈಗಲೂ ಇಲ್ಲ, ಎಷ್ಟೋ ಸಲ ಪ್ರಯತ್ನಿಸಿದ್ದೇನೆ.

ನನಗೆ ಆದ ಶಿಕ್ಷೆ ಇಷ್ಟೇ: “ಇನ್ಮೇಲೆ ಭಾನುವಾರ ಫೋನು ಹೊಡ್ಕೊಂಡ್ರೆ ಹೊಡ್ಕೊಳ್ಳಲಿ. ನೀನು ಮುಟ್ಬೇಡ.” ಹೀಗೆ ಮಡಿಯಿಲ್ಲದ ನನಗೂ ಫೋನು ಮೈಲಿಗೆಯಾಯಿತು.

ಆಮೇಲಿನ ತಿಂಗಳುಗಳಲ್ಲಿ ನಾನು ಕಂಡ ವಿಚಿತ್ರವನ್ನು ಸುದ್ದಿಯ ಚರ್ಚೆಗಳಲ್ಲಿ ಯಾರೂ ಹೇಳುವುದಿಲ್ಲ. ವಾದ ಮಾಡಿ ಯಾರ ಅಭಿಪ್ರಾಯವನ್ನೂ ಬದಲಾಯಿಸಲು ಆಗುವುದಿಲ್ಲ. ಆದರೆ ಅದು ಆಗಲೇ ಬದಲಾಗಿದೆ ಎಂದು ನಾಲ್ಕು ಜನ ಹೊಗಳಿಬಿಟ್ಟರೆ ಮನುಷ್ಯ ಓಡಿಹೋಗಿ ಅದನ್ನು ಹಿಡಿದುಕೊಳ್ಳುತ್ತಾನೆ. ಮದುವೆಮನೆಗಳಲ್ಲಿ, ಶ್ರಾದ್ಧದ ಊಟದಲ್ಲಿ, ದೇವಸ್ಥಾನದ ಕೊಳ ತೆಪ್ಪಕುಳದ ಕಟ್ಟೆಯ ಮೇಲೆ ಅಪ್ಪ ಉಪ್ಪಿನಕಾಯಿಯ ಮಾತನ್ನು ಹಂಚತೊಡಗಿದರು. ಸಾಲದೆಂದು, “ನಮ್ಮ ಹುಡುಗರಿಗೆ ಇದೆಲ್ಲ ಹೇಳಿದ್ರೆ ಅರ್ಥ ಆಗಲ್ಲ” ಎಂದು ನನ್ನ ಕಡೆ ನೋಡುತ್ತಿದ್ದರು. ನಾನು ತಲೆ ತಗ್ಗಿಸಿ ಅರ್ಥವಾಗದವನಂತೆ ಕೂರುತ್ತಿದ್ದೆ. ಹಳೆಯ ಕಾಲದ ಅಪ್ಪನನ್ನು ತಿದ್ದಿದ ಹೊಸ ಕಾಲದ ಮಗ ಎಂದು ಒಳಗೊಳಗೇ ಬೀಗುವುದಕ್ಕೆ ಅಡ್ಡಿಯೇನಿರಲಿಲ್ಲ.

ಆ ಬೀಗುವಿಕೆ ಒಂದು ಶನಿವಾರ ಸಂಜೆಯವರೆಗೆ ಬಾಳಿತು. ನಾನೂ ಅಪ್ಪನೂ ಕೆಳಗೆ ಗೇಟಿನ ಹತ್ತಿರ ಕಾಫಿ ಹಿಡಿದು ನಿಂತಿದ್ದೆವು, ಅಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಒಂದು ಕೆಂಪು ಸ್ಕೂಟರು ಬಂದು ನಿಂತಿತು. ಅದರ ಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಸುಮತಿ ಅತ್ತೆ. ರಾಯಪುರಂನಿಂದ ಬೀಚಿನ ದಾರಿಯಲ್ಲಿ ಒಬ್ಬಳೇ ಬಂದಿದ್ದಾಳೆ.

“ಅಯ್ಯೋ, ಯಾವಾಗ ತೊಗೊಂಡ್ಯೇ?” ಅಂದಳು ಅಮ್ಮ.

“ಮೊನ್ನೆ ಅತ್ತಿಗೆ.”

“ಯಾರನ್ನ ಕೇಳ್ದೆ?”

“ಅಂಗಡಿಯವನ್ನ. ಕೆಂಪು ಇದೆಯಾ ಅಂತ ಕೇಳ್ದೆ. ಇದೆ ಅಂದ.”

ಬಹಳ ಒಳ್ಳೆಯ ಉತ್ತರ. ದೇಶದ ಎಲ್ಲ ಹೆಂಗಸರೂ ಕೊಡಬೇಕಾದ ಉತ್ತರ. ನಾನು ಚಪ್ಪಾಳೆ ತಟ್ಟಬೇಕಿತ್ತು. ಆದರೆ ನನ್ನ ಕಣ್ಣಿಗೆ ಬಂದದ್ದು ದೇಶವಲ್ಲ, ನೀರಿನ ಲಾರಿಗಳು. ತಿರುವಿನಲ್ಲಿ ನುಗ್ಗುವ ಬಸ್ಸುಗಳು, ಚಕ್ರದ ಹತ್ತಿರ ಹಾರಾಡುವ ಸೀರೆ, ನಲವತ್ತನಾಲ್ಕು ವರ್ಷದ ಅತ್ತೆ. ಗಂಟಲಿನಲ್ಲಿ ಏನೋ ಕೆರೆಯಿತು, ಕೆಮ್ಮಿದೆ.

“ನೋಡು, ಈ ವಯಸ್ಸಲ್ಲಿ ಇದೆಲ್ಲ ಯಾಕೆ ಬೇಕಿತ್ತು?”

ದೇವರಾಣೆಗೂ ನಾನು ಯಾರನ್ನೂ ಅನುಕರಿಸಲಿಲ್ಲ. ಅದು ತಾನಾಗಿ ಬಂತು.

ನಮ್ಮ ಕಡೆ ಬೆನ್ನು ಮಾಡಿ ಸ್ಕೂಟರಿಗೆ ಸ್ಟ್ಯಾಂಡು ಹಾಕುತ್ತಿದ್ದ ಅತ್ತೆ ತಿರುಗಿಯೂ ನೋಡಲಿಲ್ಲ.

“ನೀನು ಸುಮ್ನಿರು ಅಣ್ಣಾ,” ಅಂದಳು.

ಬಾಯಿ ತುಂಬ ಕಾಫಿ ತುಂಬಿಕೊಂಡಿದ್ದ ಅಪ್ಪ, ಮಾತಾಡಲಾರದೆ, ಲೋಟ ಹಿಡಿದ ಕೈಯಿಂದಲೇ ನನ್ನ ಕಡೆ ತೋರಿಸಿದರು.